ಒಂದೇ ಸ್ಕ್ರಿಪ್ಟು, ಎರಡು ಡೇಟಾಬೇಸು: ಸಂಘದ ಪುಟ ನೋಡಿಕೊಳ್ಳುವವರಿಗಾಗಿ

ಸೊಲ್ಲಾಪುರ, ದುಧನಿ, ಮೈಂದರ್ಗಿ, ಜತ್ತ, ಆಳಂದ, ಅಫಜಲಪುರದ ಸದಸ್ಯ ಬಂಧುಗಳು ತಮ್ಮ ತಮ್ಮ ಊರಿನ ಸಂಘದ ಪುಟ ಮಾಡಿಕೊಳ್ಳುವಾಗ ನಮ್ಮನ್ನು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. ಸದಸ್ಯರ ಯಾದಿ ಒಂದು ಡೇಟಾಬೇಸಿನಲ್ಲಿದೆ, ಕಾರ್ಯಕ್ರಮಗಳ ನೋಂದಣಿ ಇನ್ನೊಂದರಲ್ಲಿದೆ, ಪುಟದ ಒಂದೇ ಸ್ಕ್ರಿಪ್ಟಿನಿಂದ ಎರಡನ್ನೂ ತೆರೆದು ಕೆಲಸ ಮಾಡಬಹುದೇ? ಮಾಡಬಹುದು. ನಮ್ಮ ಸಂಘದ ಪುಟವೂ ಹಾಗೆಯೇ ನಡೆಯುತ್ತಿದೆ. ಆದರೆ ಅದರಲ್ಲಿ ನಾವು ಒಮ್ಮೆ ಸರಿಯಾಗಿ ಎಡವಿದ್ದೇವೆ. ಆದ್ದರಿಂದ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇವೆ. ಪುಟದ ಕೆಲಸ ನೋಡುವ ಹುಡುಗರು ಬದಲಾದಾಗ ಇದನ್ನು ಅವರ ಕೈಗೆ ಕೊಡಿ.

ಇಲ್ಲಿ ಹೇಳುವುದೆಲ್ಲ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಕುರಿತದ್ದು. ಕಡಿಮೆ ಬಾಡಿಗೆಯ ಹೋಸ್ಟಿಂಗ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇವೆರಡೇ. ನಿಮ್ಮ ಹೋಸ್ಟಿನಲ್ಲಿ ಮಾರಿಯಾಡಿಬಿ ಎಂದು ಬರೆದಿದ್ದರೂ ಗಾಬರಿ ಬೇಡ. ಅದು 2009ರಲ್ಲಿ ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದದ್ದು, ಕೆಳಗಿನ ಮಾತುಗಳು ಅದಕ್ಕೂ ಅನ್ವಯಿಸುತ್ತವೆ.

ಎರಡು ಡೇಟಾಬೇಸು ಯಾಕೆ ಬೇಕು, ಎಲ್ಲ ಒಂದರಲ್ಲೇ ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಚಿಕ್ಕ ಸಂಘಕ್ಕೆ ಆಗುತ್ತದೆ, ಹಾಗೆಯೇ ಮಾಡಿ. ನಮ್ಮಲ್ಲಿ ಮಾತ್ರ ಸದಸ್ಯರ ವರ್ಗಣಿ ಖಾತೆಯನ್ನು ಖಜಾಂಚಿಯವರು ನೋಡುತ್ತಾರೆ, ಅದು ವರ್ಷಗಟ್ಟಲೆ ಬದಲಾಗುವುದಿಲ್ಲ. ಕಾರ್ಯಕ್ರಮದ ಭಾಗವನ್ನು ಹುಡುಗರು ರಾಜ್ಯೋತ್ಸವಕ್ಕೊಮ್ಮೆ, ಗಡ್ಡಿ ಜಾತ್ರೆಗೊಮ್ಮೆ ಬಿಚ್ಚಿ ಕಟ್ಟುತ್ತಿರುತ್ತಾರೆ. ಮದುವೆಯ ಆಹೇರಿ ಯಾದಿಯನ್ನೂ ಹೊಲದ ಕಾಗದಪತ್ರವನ್ನೂ ಒಂದೇ ಟ್ರಂಕಿನಲ್ಲಿ ಯಾರೂ ಇಡುವುದಿಲ್ಲವಲ್ಲ, ಇದೂ ಹಾಗೆಯೇ.

ಆದ ಎಡವಟ್ಟು

ಕೆಲವು ವರ್ಷಗಳ ಹಿಂದೆ ನಮ್ಮ ವಾರ್ಷಿಕ ಸರ್ವಸಾಧಾರಣ ಸಭೆಯ ದಿನ, ಮತದಾನಕ್ಕೆ ಮುಂಚೆ, ಬಾಗಿಲಲ್ಲಿ ಯಾದಿ ಹಿಡಿದು ಕೂತಿದ್ದೆವು. ವರ್ಗಣಿ ತುಂಬಿದವರಿಗಷ್ಟೇ ಮತ ಎಂಬುದು ನಮ್ಮ ನಿಯಮ. ಮೈಂದರ್ಗಿ ಕಡೆಯ ಹಿರಿಯ ಸದಸ್ಯರೊಬ್ಬರು ಬೆಳಗಿನ ಬಸ್ಸಿಗೆ ಬಂದಿದ್ದರು. ಯಾದಿಯಲ್ಲಿ ಅವರ ಹೆಸರಿನ ಮುಂದೆ ಬಾಕಿ ಎಂದಿತ್ತು.

“ರೊಕ್ಕ ತುಂಬೀನ್ರಿ, ಪಾವತಿ ನನ್ನ ಕಡಿ ಅದ ನೋಡ್ರಿ” ಎಂದು ಅಂಗಿಯ ಕಿಸೆಯಿಂದ ಮಡಿಚಿದ ಕಾಗದ ತೆಗೆದರು.

“ಕಾಕಾ, ಕಂಪ್ಯೂಟರದಾಗ ಬಾಕಿ ಅಂತ ತೋರಸ್ಲಿಕತ್ತದ್ರಿ” ಎಂದೆವು ನಾವು.

ಪಾವತಿ ನಮ್ಮದೇ, ಕ್ರಮಸಂಖ್ಯೆಯೂ ಸರಿ. ಆದರೂ ಅಂದು ನಾವು ಕಂಪ್ಯೂಟರಿನ ಯಾದಿಯನ್ನೇ ನಂಬಿದೆವು. ಅವರು ಮತ ಹಾಕದೆ ಹಿಂದಿನ ಸಾಲಿನಲ್ಲಿ ಕೂತು ಮಧ್ಯಾಹ್ನದ ಬಸ್ಸಿಗೆ ಹೋದರು. ಅವರಂತೆ ಇನ್ನೂ ಕೆಲವರಿದ್ದರು. ಕಾಗದದ ಪಾವತಿ ಮತ್ತು ಯಾದಿ ಹೊಂದದಿದ್ದಾಗ ಪಾವತಿಯೇ ಮೇಲು ಎಂಬುದು ಗುಮಾಸ್ತಿಕೆಯ ಮೊದಲ ಪಾಠ. ಅದನ್ನು ನಾವೇ ಮರೆತದ್ದು ಇಂದಿಗೂ ಕಸಿವಿಸಿ.

ಆಮೇಲೆ ಸ್ಕ್ರಿಪ್ಟು ಬಿಚ್ಚಿ ನೋಡಿದಾಗ ಗೊತ್ತಾದದ್ದು ಇಷ್ಟು. ಸ್ಕ್ರಿಪ್ಟು ಮೊದಲು ಸದಸ್ಯರ ಡೇಟಾಬೇಸು ತೆರೆಯುತ್ತಿತ್ತು, ನಂತರ ಕಾರ್ಯಕ್ರಮದ ಡೇಟಾಬೇಸು ತೆರೆಯುತ್ತಿತ್ತು, ಕೊನೆಗೆ ‘ಸದಸ್ಯರು’ ಎಂಬ ಟೇಬಲಿನಲ್ಲಿ ವರ್ಗಣಿ ಬಂತು ಎಂದು ಬರೆಯುತ್ತಿತ್ತು. ಯಾವ ಡೇಟಾಬೇಸಿನ ‘ಸದಸ್ಯರು’ ಎಂದು ಎಲ್ಲಿಯೂ ಹೇಳಿರಲಿಲ್ಲ. ಕೊನೆಗೆ ತೆರೆದದ್ದು ಕಾರ್ಯಕ್ರಮದ್ದು, ಆದ್ದರಿಂದ ಬರಹ ಅಲ್ಲಿಗೆ ಹೋಗುತ್ತಿತ್ತು. ಅಲ್ಲಿ ಆ ಹೆಸರಿನ ಟೇಬಲ್ ಇಲ್ಲದಿದ್ದರೆ ಮೊದಲ ದಿನವೇ ತಪ್ಪು ಸಂದೇಶ ಬಂದು ಗೊತ್ತಾಗುತ್ತಿತ್ತು. ಆದರೆ ಪರೀಕ್ಷೆಗೆಂದು ಸದಸ್ಯರ ಟೇಬಲಿನ ಒಂದು ನಕಲನ್ನು ಅಲ್ಲಿ ಇಟ್ಟುಕೊಳ್ಳಲು ಹೇಳಿದವರು ನಾವೇ. ಮೂರು ತಿಂಗಳ ವರ್ಗಣಿ ಆ ನಕಲಿನಲ್ಲಿ ಜಮೆಯಾಗಿತ್ತು. ಪಾವತಿ ಸರಿಯಾಗಿ ಮುದ್ರಣವಾಗುತ್ತಿತ್ತು, ಹಣ ಪೆಟ್ಟಿಗೆಯಲ್ಲಿತ್ತು, ಅಸಲು ಯಾದಿ ಮಾತ್ರ ಖಾಲಿ.

ಸಂಪರ್ಕ ಎಂದರೆ ತೆರೆದಿಟ್ಟ ವಹಿ

ಮೈಎಸ್‌ಕ್ಯೂಎಲ್‌ನ ಒಂದೇ ಸರ್ವರಿನಲ್ಲಿ ಹಲವು ಡೇಟಾಬೇಸು ಇರಬಹುದು. ಸ್ಕ್ರಿಪ್ಟು ಸರ್ವರಿನೊಂದಿಗೆ ಒಂದು ಸಂಪರ್ಕ ತೆಗೆಯುತ್ತದೆ, ಆ ಸಂಪರ್ಕಕ್ಕೆ ಒಂದು ಸಮಯಕ್ಕೆ ಒಂದೇ ‘ಸದ್ಯದ ಡೇಟಾಬೇಸು’. ಮೇಜಿನ ಮೇಲೆ ಕಿರ್ದಿ, ಖಾತೆ ಎರಡೂ ಇರಬಹುದು, ಆದರೆ ಯಾವುದಕ್ಕೆ ಎಂದು ಹೇಳದೆ ‘ಬರೆದುಕೋ’ ಎಂದರೆ ಗುಮಾಸ್ತ ಮುಂದೆ ತೆರೆದಿರುವುದರಲ್ಲೇ ಬರೆಯುತ್ತಾನೆ.

ನಮ್ಮ ಹಳೆಯ ಪುಟ ಪಿಎಚ್‌ಪಿ 5ರ ಕಾಲದ್ದು. ಆಗಿನ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳಿಗೆ ಎರಡು ದುರಭ್ಯಾಸಗಳಿದ್ದವು. ಒಂದು, ಅದೇ ಸರ್ವರು, ಅದೇ ಬಳಕೆದಾರ, ಅದೇ ಪಾಸ್‌ವರ್ಡ್ ಕೊಟ್ಟು ಎರಡನೇ ಸಲ ಸಂಪರ್ಕ ಕೇಳಿದರೆ ಹೊಸದನ್ನು ಕೊಡದೆ ಹಳೆಯದನ್ನೇ ಮರಳಿ ಕೊಡುತ್ತಿದ್ದವು. ಹೊಸದೇ ಬೇಕು ಎಂದು ನಾಲ್ಕನೆಯ ಮಾಹಿತಿಯಾಗಿ ಬೇರೆ ಹೇಳಬೇಕಿತ್ತು. ಅಂದರೆ ಸ್ಕ್ರಿಪ್ಟಿನಲ್ಲಿ ಎರಡು ಸಂಪರ್ಕದ ಹೆಸರುಗಳು ಕಾಣುತ್ತಿದ್ದರೂ ಒಳಗೆ ಇದ್ದದ್ದು ಒಂದೇ. ಎರಡನೆಯದಕ್ಕೆ ಕಾರ್ಯಕ್ರಮದ ಡೇಟಾಬೇಸು ಆರಿಸಿದ ಕ್ಷಣ ಮೊದಲನೆಯದೂ ಅಲ್ಲಿಗೇ ತಿರುಗುತ್ತಿತ್ತು. ಇನ್ನೊಂದು, ಪ್ರಶ್ನೆ ಕಳಿಸುವಾಗ ಯಾವ ಸಂಪರ್ಕ ಎಂದು ಹೇಳುವುದು ಕಡ್ಡಾಯವಿರಲಿಲ್ಲ. ಹೇಳದಿದ್ದರೆ ಕೊನೆಗೆ ತೆರೆದದ್ದನ್ನು ಹಿಡಿಯುತ್ತಿತ್ತು. ನಮ್ಮಲ್ಲಿ ಎರಡೂ ಒಟ್ಟಿಗೆ ಕೂಡಿಬಂದವು.

ಆ ಫಂಕ್ಷನ್‌ಗಳನ್ನು 2013ರ ಪಿಎಚ್‌ಪಿ 5.5ರಲ್ಲಿ ಬಳಸಬೇಡಿ ಎಂದರು, 2015ರ ಕೊನೆಗೆ ಬಂದ ಪಿಎಚ್‌ಪಿ 7ರಲ್ಲಿ ತೆಗೆದೇ ಹಾಕಿದರು. ಈಗ ಇರುವುದು ಮೈಎಸ್‌ಕ್ಯೂಎಲ್‌ಐ ಮತ್ತು ಪಿಡಿಒ. ಹೊಸದಾಗಿ ಬರೆಯುವವರು ಪಿಡಿಒ ಹಿಡಿಯಿರಿ ಎಂಬುದು ನಮ್ಮ ಸಲಹೆ. ಅದರಲ್ಲಿ ಪ್ರತಿ ಡೇಟಾಬೇಸಿಗೆ ಒಂದು ಪ್ರತ್ಯೇಕ ವಸ್ತು ಸೃಷ್ಟಿಯಾಗುತ್ತದೆ, ಪ್ರಶ್ನೆ ಕೇಳಬೇಕಾದರೆ ಆ ವಸ್ತುವಿನ ಹೆಸರು ಹಿಡಿದೇ ಕೇಳಬೇಕು, ಬೇರೆ ದಾರಿ ಇಲ್ಲ. ಆ ಹೆಸರುಗಳನ್ನು ಡಿಬಿ1, ಡಿಬಿ2 ಎಂದು ಇಡಬೇಡಿ. ಆರು ತಿಂಗಳ ನಂತರ ಯಾವುದು ಯಾವುದೆಂದು ಬರೆದವರಿಗೇ ನೆನಪಿರುವುದಿಲ್ಲ. ಸದಸ್ಯ ಸಂಪರ್ಕ, ಕಾರ್ಯಕ್ರಮ ಸಂಪರ್ಕ ಎಂದು ಪೂರ್ತಿ ಬರೆಯಿರಿ.

ತಪ್ಪಾದಾಗ ಸ್ಕ್ರಿಪ್ಟು ಸುಮ್ಮನಿರದೆ ನಿಲ್ಲಬೇಕು. ಪಿಡಿಒದಲ್ಲಿ ಪಿಎಚ್‌ಪಿ 8.0ರಿಂದ, ಮೈಎಸ್‌ಕ್ಯೂಎಲ್‌ಐಯಲ್ಲಿ 8.1ರಿಂದ ಇದು ತಾನಾಗಿಯೇ ಆಗುತ್ತದೆ. ಹಳೆಯ ಆವೃತ್ತಿಯಲ್ಲಿ ನಾವೇ ಹಾಗೆ ಮಾಡಿಸಬೇಕು. ದ್ರೂಪಲ್‌ನಲ್ಲಿ ಪುಟ ಮಾಡಿಕೊಂಡವರಿಗೆ ಒಂದು ಮಾತು: ಅಲ್ಲಿ ಇನ್ನೊಂದು ಡೇಟಾಬೇಸಿಗೆ ತಿರುಗಿಸುವ ಆಜ್ಞೆ ಇದೆ, ಕೆಲಸ ಮುಗಿದ ಮೇಲೆ ಮೊದಲಿನದಕ್ಕೆ ಮರಳಿ ತಿರುಗಿಸಲು ಮರೆತರೆ ಇಡೀ ಪುಟವೇ ತಪ್ಪು ಕಡೆ ಹುಡುಕತೊಡಗುತ್ತದೆ. ನಮಗಾದದ್ದೇ ಹೊಸ ವೇಷದಲ್ಲಿ.

ಚುಕ್ಕೆಯ ಉಪಾಯ

ಎರಡೂ ಡೇಟಾಬೇಸು ಒಂದೇ ಸರ್ವರಿನಲ್ಲಿದ್ದು, ಒಂದೇ ಬಳಕೆದಾರನಿಗೆ ಎರಡರ ಮೇಲೂ ಅಧಿಕಾರ ಇದ್ದರೆ, ಎರಡು ಸಂಪರ್ಕ ಬೇಕೇ ಇಲ್ಲ. ಪ್ರಶ್ನೆಯಲ್ಲಿ ಟೇಬಲಿನ ಹೆಸರಿಗೆ ಮುಂಚೆ ಡೇಟಾಬೇಸಿನ ಹೆಸರು, ನಡುವೆ ಒಂದು ಚುಕ್ಕೆ ಇಟ್ಟರೆ ಸಾಕು. ಮನೆತನದ ಹೆಸರಿನ ಹಾಗೆ: ಬರೀ ‘ಮಲ್ಲಿನಾಥ’ ಎಂದರೆ ಅಕ್ಕಲಕೋಟದಲ್ಲಿ ಹತ್ತು ಜನ ತಿರುಗಿ ನೋಡುತ್ತಾರೆ. ಹೀಗೆ ಬರೆದರೆ ಸದಸ್ಯರ ಟೇಬಲನ್ನೂ ನೋಂದಣಿ ಟೇಬಲನ್ನೂ ಒಂದೇ ಪ್ರಶ್ನೆಯಲ್ಲಿ ಜೋಡಿಸಿ, ‘ನೋಂದಾಯಿಸಿದವರಲ್ಲಿ ವರ್ಗಣಿ ಬಾಕಿ ಇರುವವರು ಯಾರು’ ಎಂದು ಕೇಳಬಹುದು. ಒಂದೇ ಸಂಪರ್ಕವಾದ್ದರಿಂದ ಎರಡೂ ಕಡೆಯ ಬರಹವನ್ನು ಒಂದೇ ವ್ಯವಹಾರವಾಗಿ ಕಟ್ಟಬಹುದು, ಟೇಬಲ್‌ಗಳು ಇನ್ನೊಡಿಬಿ ಬಗೆಯವಾಗಿರಬೇಕು ಅಷ್ಟೇ. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಡೇಟಾಬೇಸಿನ ಹೆಸರಿಗೆ ಮುಂದುಗಡೆ ನಿಮ್ಮ ಖಾತೆಯ ಹೆಸರು ಅಂಟಿಕೊಂಡಿರುತ್ತದೆ, ಚುಕ್ಕೆ ಇಡುವಾಗ ಅದನ್ನೂ ಸೇರಿಸಿ ಬರೆಯಬೇಕು. ಬಳಕೆದಾರನನ್ನು ಎರಡೂ ಡೇಟಾಬೇಸಿಗೆ ಬೇರೆ ಬೇರೆಯಾಗಿ ಸೇರಿಸಬೇಕು. ನಮಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಎರಡು ಮರೆತದ್ದರಿಂದಲೇ.

ಡೇಟಾಬೇಸುಗಳು ಬೇರೆ ಬೇರೆ ಸರ್ವರಿನಲ್ಲಿದ್ದರೆ ಚುಕ್ಕೆ ನಡೆಯದು. ಒಂದರಿಂದ ಸದಸ್ಯ ಸಂಖ್ಯೆಗಳನ್ನು ತರಬೇಕು, ಆ ಸಂಖ್ಯೆಗಳ ಗುಂಪನ್ನು ಇನ್ನೊಂದಕ್ಕೆ ಕೊಟ್ಟು ಒಮ್ಮೆಗೇ ವಿವರ ಕೇಳಬೇಕು, ಸ್ಕ್ರಿಪ್ಟಿನಲ್ಲಿ ಜೋಡಿಸಬೇಕು. ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆ ಕಳಿಸುತ್ತ ಹೋದರೆ ಪುಟ ತೆರೆಯುವಷ್ಟರಲ್ಲಿ ಚಹಾ ಆರುತ್ತದೆ.

ಹೆಸರು ನಂಬಬೇಡಿ, ಸಂಖ್ಯೆ ನಂಬಿ

ಎರಡು ಡೇಟಾಬೇಸನ್ನು ಜೋಡಿಸುವುದು ಯಾವುದರಿಂದ? ಗಡಿಭಾಗದಲ್ಲಿ ಇದು ಬೇರೆಡೆಗಿಂತ ಕಠಿಣ, ಕಾರಣವೂ ಇದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಕ್ಕಲಕೋಟ ಮುಂಬೈ ರಾಜ್ಯದಲ್ಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರದ್ದಾಯಿತು. 1967ರ ಮಹಾಜನ ವರದಿ ಅಕ್ಕಲಕೋಟವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದರೂ ಅದು ಜಾರಿಯಾಗಲಿಲ್ಲ. ಹಾಗಾಗಿ ನಮ್ಮ ಒಬ್ಬ ಸದಸ್ಯರ ಹೆಸರು ಕನ್ನಡ ಶಾಲೆಯ ದಾಖಲೆಯಲ್ಲಿ ಕನ್ನಡದಲ್ಲಿ, ಸಾತಬಾರಾ ಉತಾರದಲ್ಲಿ ಮರಾಠಿಯಲ್ಲಿ, ಆಧಾರ್ ಕಾರ್ಡಿನಲ್ಲಿ ಮರಾಠಿ ಮತ್ತು ಇಂಗ್ಲಿಷಿನಲ್ಲಿ ಇರುತ್ತದೆ. ಮರಾಠಿ ಕಾಗದದಲ್ಲಿ ಆಡನಾಮ ಮೊದಲು ಬರುವುದುಂಟು, ಕನ್ನಡದ್ದರಲ್ಲಿ ಕೊನೆಗೆ. ಆಡನಾಮವೇ ‘ಮೈಂದರ್ಗಿ’ ಅಥವಾ ‘ದುಧನಿ’ ಆಗಿದ್ದರೆ, ಊರು ಹುಡುಕಿದಾಗ ಮನುಷ್ಯ ಸಿಗುತ್ತಾನೆ.

ಸೊಲ್ಲಾಪುರ ಸಿದ್ಧರಾಮೇಶ್ವರರ ಊರು, ಆ ಹೆಸರು ಮನೆಮನೆಯಲ್ಲಿ. ನಮ್ಮ ಯಾದಿಗಳಲ್ಲಿ ಸಿದ್ಧರಾಮ, ಸಿದ್ಧಾರಾಮ, ಸಿದ್ದರಾಮ, ಸಿದ್ರಾಮ, ಸಿದ್ರಾಮಪ್ಪ ಎಲ್ಲವೂ ಇವೆ. ಕೆಲವೆಡೆ ಐವರು, ಕೆಲವೆಡೆ ಒಬ್ಬರೇ ಮೂರು ಬಗೆಯಲ್ಲಿ. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಅವರ ಹೆಸರನ್ನೇ ತೆಗೆದುಕೊಳ್ಳಿ. ‘ಜಯದೇವಿತಾಯಿ’ ಎಂದು ಕೂಡಿಸಿ ಬರೆದದ್ದೂ, ‘ಜಯದೇವಿ ತಾಯಿ’ ಎಂದು ಬಿಡಿಸಿ ಬರೆದದ್ದೂ ಕಂಪ್ಯೂಟರಿಗೆ ಇಬ್ಬರು ಬೇರೆ ಮಹಿಳೆಯರು. ಊರುಗಳ ಕತೆಯೂ ಅದೇ: ಅಕ್ಕಲಕೋಟ, ಅಕ್ಕಲಕೋಟೆ, ಅಕ್ಕಲ್‌ಕೋಟ್, ಸೊಲ್ಲಾಪುರ, ಸೋಲಾಪುರ, ಶೋಲಾಪುರ. 2014ರ ರಾಜ್ಯೋತ್ಸವದಿಂದ ಗುಲಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹಳೆಯ ಡೇಟಾಬೇಸಿಗೆ ಇದು ಗೊತ್ತಿಲ್ಲ.

ಆದ್ದರಿಂದ ಸದಸ್ಯತ್ವ ಸಂಖ್ಯೆಯೊಂದೇ ಜೋಡಣೆಯ ಕೀಲಿ. ಎರಡೂ ಡೇಟಾಬೇಸಿನಲ್ಲಿ ಅದೇ ಸಂಖ್ಯೆ, ಒಬ್ಬರು ತೀರಿಕೊಂಡರೂ ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಊರಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟು ಊರಿನ ಹೆಸರುಗಳನ್ನು ಒಂದೇ ಟೇಬಲಿನಲ್ಲಿಡಿ. ಬೇರೆ ಊರಿನ ಸಂಘದೊಂದಿಗೆ ಯಾದಿ ಕೂಡಿಸುವಾಗ ಎರಡೂ ಕಡೆ 1, 2, 3 ಎಂದೇ ಸಂಖ್ಯೆಗಳಿರುತ್ತವೆ, ಆಗ ಸಂಖ್ಯೆಯ ಜೊತೆ ಸಂಘದ ಸಂಕೇತವೂ ಸೇರಬೇಕು. ಗಡಿಯ ಎರಡೂ ಕಡೆ ಹೊಲ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಫಜಲಪುರ ಕಡೆಯ ಪಹಣಿ ಕರ್ನಾಟಕದ ‘ಭೂಮಿ’ಯಲ್ಲಿ, ಅಕ್ಕಲಕೋಟ ಕಡೆಯ ಸಾತಬಾರಾ ‘ಮಹಾಭೂಲೇಖ’ದಲ್ಲಿ. ಬರೀ ಸರ್ವೆ ನಂಬರು ಹೇಳಿದರೆ ಊರೂರಿಗೂ ಆ ನಂಬರಿನ ಹೊಲ ಇದ್ದೇ ಇರುತ್ತದೆ.

ಹೆಸರನ್ನು ತೋರಿಸಲು ಇಟ್ಟುಕೊಳ್ಳಲೇಬೇಕಲ್ಲ, ಅದಕ್ಕೆ ಅಕ್ಷರದ ಏರ್ಪಾಡು ಸರಿಯಿರಬೇಕು. ಎರಡೂ ಡೇಟಾಬೇಸು, ಎರಡೂ ಸಂಪರ್ಕ ಯುಟಿಎಫ್8ಎಂಬಿ4 ಆಗಿರಲಿ. ಒಂದು ಕಡೆ ಲ್ಯಾಟಿನ್1 ಉಳಿದಿದ್ದರೆ ಕನ್ನಡದ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಬೀಳುತ್ತವೆ. ಹಾಗೆ ಒಮ್ಮೆ ಬರೆದುಹೋದದ್ದು ಮರಳಿ ಬಾರದು. ಮೈಎಸ್‌ಕ್ಯೂಎಲ್ 8ರಿಂದ ಈ ಏರ್ಪಾಡು ತಾನಾಗಿಯೇ ಇರುತ್ತದೆ, ಹಳೆಯದರಲ್ಲಿ ಇಲ್ಲ. ಹಳೆಯ ಡೇಟಾಬೇಸಿನ ಟೇಬಲನ್ನು ಹೊಸದರ ಜೊತೆ ಹೆಸರಿನ ಮೇಲೆ ಜೋಡಿಸಹೋದರೆ 1267 ಎಂಬ ತಪ್ಪಿನ ಸಂಖ್ಯೆ ಬರುವುದುಂಟು. ಎರಡರ ಕೊಲೇಷನ್, ಅಂದರೆ ಅಕ್ಷರಗಳನ್ನು ಹೋಲಿಸುವ, ಅನುಕ್ರಮದಲ್ಲಿಡುವ ನಿಯಮ, ಬೇರೆಯಾಗಿದೆ ಎಂದು ಅರ್ಥ. ಎರಡಕ್ಕೂ ಒಂದೇ ಕೊಲೇಷನ್ ಕೊಟ್ಟರೆ ಹೋಗುತ್ತದೆ.

ಕಣ್ಣಿಗೆ ಕಾಣದ ವ್ಯತ್ಯಾಸವೂ ಇದೆ. ‘ಅಕ್ಕಲ್‌ಕೋಟ್’ ಎಂಬಲ್ಲಿ ಲಕಾರಕ್ಕೆ ಕಕಾರ ಒತ್ತಾಗದಂತೆ ತಡೆಯಲು ನಡುವೆ ಒಂದು ಅದೃಶ್ಯ ಚಿಹ್ನೆ ಕೂತಿರುತ್ತದೆ. ‘ಕೋ’ ಅಕ್ಷರದ ದೀರ್ಘ ಓಕಾರ ಒಂದೇ ಚಿಹ್ನೆಯಾಗಿಯೂ, ಎರಡು ಮೂರು ಬಿಡಿ ಚಿಹ್ನೆಗಳು ಕೂಡಿಯೂ ಸಂಗ್ರಹವಾಗಿರಬಹುದು. ಪರದೆಯ ಮೇಲೆ ಎರಡೂ ಒಂದೇ, ಪಿಎಚ್‌ಪಿ ಹೋಲಿಸಿದರೆ ಬೇರೆ ಬೇರೆ. ಪಿಎಚ್‌ಪಿಯ ಇಂಟಲ್ ವಿಸ್ತರಣೆಯಲ್ಲಿ ನಾರ್ಮಲೈಸರ್ ಎಂಬ ಸಾಧನವಿದೆ. ಹೆಸರು ಸೇರಿಸುವ ಮೊದಲು ಅದರಲ್ಲಿ ಹಾಯಿಸಿದರೆ ಬಿಡಿ ಚಿಹ್ನೆಗಳು ಒಂದಾಗುತ್ತವೆ. ಅದೃಶ್ಯ ಚಿಹ್ನೆ ಮಾತ್ರ ಅದರಿಂದ ಹೋಗುವುದಿಲ್ಲ. ಹುಡುಕಲೆಂದೇ ಆ ಚಿಹ್ನೆ ತೆಗೆದ ಹೆಸರಿನ ಕಾಲಂ ಒಂದನ್ನು ಬೇರೆ ಇಟ್ಟುಕೊಳ್ಳಬೇಕು.

ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಯಾದಿಗಳನ್ನು ಹಾಗೆಯೇ ಡೇಟಾಬೇಸಿಗೆ ಸುರಿಯಬೇಡಿ. ಆ ಫಾಂಟಿನ ಹೊರಗೆ ಅವು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಅಷ್ಟೇ. ಯುನಿಕೋಡಿಗೆ ಪರಿವರ್ತಿಸಿ, ನಂತರ ಅರ್ಕಾವತ್ತು ಮತ್ತು ಒತ್ತಕ್ಷರದ ಹೆಸರುಗಳನ್ನು ಕಣ್ಣಿಂದಲೇ ನೋಡಿ. ನಮ್ಮ ಪರಿವರ್ತನೆಯಲ್ಲಿ ಮೈಂದರ್ಗಿ ಊರೇ ಕೆಟ್ಟು ಬಂದಿತ್ತು.

ಎರಡೂ ಕಡೆ ಬರೆಯುವಾಗ

ಸಂಪರ್ಕಗಳು ಎರಡಾದರೆ ವ್ಯವಹಾರಗಳೂ ಎರಡು. ಮೊದಲನೆಯದು ಬರೆದು ಮುಗಿಸಿ ಎರಡನೆಯದು ಬರೆಯುವ ಮುಂಚೆ ಕರೆಂಟು ಹೋದರೆ, ಅಥವಾ ಸರ್ವರು ನಿಂತರೆ, ಒಂದರಲ್ಲಿ ಇದೆ ಇನ್ನೊಂದರಲ್ಲಿ ಇಲ್ಲ. ಇದಕ್ಕೆ ಎಕ್ಸ್‌ಎ ಎಂಬ ದೊಡ್ಡ ವಿಧಾನ ಮೈಎಸ್‌ಕ್ಯೂಎಲ್‌ನಲ್ಲಿದೆ, ಸಂಘದ ಪುಟಕ್ಕೆ ಅದು ಗುಬ್ಬಿಗೆ ತೋಪು ಹಾರಿಸಿದಂತೆ. ನಾವು ಮಾಡುವುದು ಇಷ್ಟು: ಹಣದ ದಾಖಲೆ ಮೊದಲು, ಅಸಲು ಸದಸ್ಯ ಡೇಟಾಬೇಸಿನಲ್ಲಿ, ಪಾವತಿ ಸಂಖ್ಯೆಯ ಸಮೇತ. ಅದು ಭದ್ರವಾದ ಮೇಲೆ ಕಾರ್ಯಕ್ರಮದ ನೋಂದಣಿ, ಅದೇ ಪಾವತಿ ಸಂಖ್ಯೆ ಹಾಕಿ. ಎರಡನೆಯದು ಕೈಕೊಟ್ಟರೆ ಮರುದಿನ ಪಾವತಿ ಸಂಖ್ಯೆಗಳನ್ನು ಎರಡೂ ಕಡೆ ತಾಳೆ ನೋಡುವ ಸಣ್ಣ ಸ್ಕ್ರಿಪ್ಟು ಅದನ್ನು ಹಿಡಿಯುತ್ತದೆ. ಒಂದೇ ಪಾವತಿ ಸಂಖ್ಯೆ ಎರಡು ಸಲ ಬರದಂತೆ ಟೇಬಲಿನಲ್ಲೇ ನಿರ್ಬಂಧ ಹಾಕಿದ್ದೇವೆ, ಮರಳಿ ಓಡಿಸಿದರೂ ತೊಂದರೆ ಇಲ್ಲ.

ವರ್ಗಣಿ ಬಂತೋ ಇಲ್ಲವೋ ಎಂಬ ಮಾತು ಈಗ ಒಂದೇ ಕಡೆ ಇದೆ. ಕಾರ್ಯಕ್ರಮದ ಡೇಟಾಬೇಸಿನಲ್ಲಿದ್ದ ನಕಲು ತೆಗೆದುಹಾಕಿದೆವು. ಪರೀಕ್ಷೆಗೆ ನಕಲು ಬೇಕೆನಿಸಿದರೆ ಅದನ್ನು ಬೇರೆಯದೇ ಡೇಟಾಬೇಸಿನಲ್ಲಿ ಇಡಿ, ಅಸಲು ಪುಟದ ಬಳಕೆದಾರನಿಗೆ ಅದರ ಮೇಲೆ ಅಧಿಕಾರ ಕೊಡಬೇಡಿ.

ಅಧಿಕಾರದ ಮಾತು ಬಂದದ್ದಕ್ಕೆ ಹೇಳುತ್ತೇವೆ. ಕಾರ್ಯಕ್ರಮದ ಪುಟಕ್ಕೆ ಸದಸ್ಯರ ಫೋನು, ವಿಳಾಸ, ವಯಸ್ಸು ಬೇಕಾಗಿಲ್ಲ. ಸಂಖ್ಯೆ, ಹೆಸರು, ಊರು, ಯಾವ ವರ್ಷದವರೆಗೆ ವರ್ಗಣಿ ಬಂದಿದೆ ಎಂಬ ನಾಲ್ಕು ಕಾಲಂಗಳ ಒಂದು ವ್ಯೂ ಮಾಡಿ, ಆ ಪುಟದ ಬಳಕೆದಾರನಿಗೆ ಅದನ್ನು ಓದುವ ಅಧಿಕಾರ ಮಾತ್ರ ಕೊಟ್ಟಿದ್ದೇವೆ. ಅಂದು ಹೀಗೆ ಮಾಡಿದ್ದರೆ, ಎಷ್ಟೇ ತಪ್ಪು ಸ್ಕ್ರಿಪ್ಟು ಬರೆದಿದ್ದರೂ ಸರ್ವರೇ ತಡೆಯುತ್ತಿತ್ತು. ಪಾಸ್‌ವರ್ಡುಗಳ ಕಡತ ಸಾರ್ವಜನಿಕ ಫೋಲ್ಡರಿನ ಹೊರಗಿರಲಿ.

ಬ್ಯಾಕಪ್ ತೆಗೆಯುವಾಗ ಒಂದನ್ನು ಸೋಮವಾರ, ಇನ್ನೊಂದನ್ನು ಗುರುವಾರ ತೆಗೆದರೆ ಮರಳಿ ಹಾಕಿದಾಗ ತಾಳೆಯಾಗುವುದಿಲ್ಲ. ಮೈಎಸ್‌ಕ್ಯೂಎಲ್‌ಡಂಪ್‌ಗೆ ಎರಡೂ ಡೇಟಾಬೇಸಿನ ಹೆಸರನ್ನು ಒಂದೇ ಆಜ್ಞೆಯಲ್ಲಿ ಕೊಟ್ಟು, ಒಂದೇ ವ್ಯವಹಾರದಲ್ಲಿ ತೆಗೆ ಎಂಬ ಆಯ್ಕೆಯನ್ನೂ ಸೇರಿಸಿ. ಇನ್ನೊಡಿಬಿ ಟೇಬಲ್‌ಗಳಾದರೆ ಎರಡೂ ಒಂದೇ ಕ್ಷಣದ ಚಿತ್ರವಾಗಿ ಬರುತ್ತವೆ. ವರ್ಷಕ್ಕೊಮ್ಮೆಯಾದರೂ ಆಫೀಸಿನ ಕಂಪ್ಯೂಟರಿನಲ್ಲಿ ಅದನ್ನು ಮರಳಿ ತೆರೆದು ನೋಡಿ.

ನಕಲಿನಲ್ಲಿ ಸಿಕ್ಕ ಆ ಮೂರು ತಿಂಗಳ ವರ್ಗಣಿಯನ್ನು ಕಾಗದದ ಪಾವತಿ ಪುಸ್ತಕದ ಅಡ್ಡಚೀಟಿಗಳೊಂದಿಗೆ ಒಂದೊಂದಾಗಿ ತಾಳೆ ಮಾಡಿ ಅಸಲು ಯಾದಿಗೆ ಏರಿಸಿದೆವು. ಮೈಂದರ್ಗಿಗೆ ಹೋಗಿ ಹಿರಿಯರನ್ನು ಕಂಡು ತಪ್ಪೊಪ್ಪಿಕೊಂಡೆವು. ಅವರು ಚಹಾ ಕೊಟ್ಟು, “ಮುಂದಿನ ಸಲ ಹಿಂಗ ಆಗಬಾರದ್ರಿ” ಎಂದಷ್ಟೇ ಹೇಳಿದರು. ಈಗ ಸರ್ವಸಾಧಾರಣ ಸಭೆಗೆ 15 ದಿನ ಮುಂಚೆ ಮತದಾರರ ಯಾದಿಯನ್ನು ಆಫೀಸಿನ ಬಾಗಿಲಿಗೆ ಅಂಟಿಸುತ್ತೇವೆ, ಈ ಪುಟದಲ್ಲಿಯೂ ಸದಸ್ಯ ಸಂಖ್ಯೆಯ ಸಮೇತ ಹಾಕುತ್ತೇವೆ. ತಮ್ಮ ಸಂಖ್ಯೆಯ ಮುಂದೆ ಬಾಕಿ ಎಂದಿದ್ದು ಕೈಯಲ್ಲಿ ಪಾವತಿ ಇರುವವರು ಅದನ್ನು ತಂದು ತೋರಿಸಬೇಕು. ಪಾವತಿ ಇದ್ದವರಿಗೆ ಮತಪತ್ರ ಕೊಟ್ಟ ಮೇಲೆಯೇ ಕಂಪ್ಯೂಟರು ಏನು ಹೇಳುತ್ತದೆ ಎಂದು ನೋಡುತ್ತೇವೆ.